ಅರ್ಧ ಮಾತ್ರೆ

ದುರ್ಗಿಗುಡಿಯ ಈ ಮೆಡಿಕಲ್ಲಿನಲ್ಲಿ
ಹದಿನಾಲ್ಕು ವರ್ಷದಿಂದ ನನ್ನ ಕೈಲಿರುವುದು ಕತ್ತರಿ.
ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದೇವೆ,
ಕಳೆಯುತ್ತದೆಂದಲ್ಲ, ಹುಡುಕುವಷ್ಟು ಪುರುಸೊತ್ತಿಲ್ಲ.

ಪೂರ್ತಿ ಪಟ್ಟಿ ಕೊಳ್ಳುವವರು ಚೀಟಿ ಚಾಚುತ್ತಾರೆ, ಅಷ್ಟೆ.
ಕತ್ತರಿಯ ಗಿರಾಕಿಗಳು ಮೊದಲು ಪಕ್ಕಕ್ಕೆ ಸರಿಯುತ್ತಾರೆ.
ಗುಂಪು ಕರಗಲಿ ಎಂದು
ಕೆಮ್ಮಿನ ಸಿರಪ್ಪಿನ ಜಾಹೀರಾತು ಓದುತ್ತಾರೆ.
ಆಮೇಲೆ ಗಾಜಿನ ಮೇಲೆ ಬಾಗಿ, ಸಾಲ ಕೇಳುವ ದನಿಯಲ್ಲಿ:
'ನಾಕು ಕೊಡಪ್ಪ. ಸದ್ಯಕ್ಕೆ ಸಾಕು.'

ತಾರೀಖು ಅಚ್ಚಾದ ತುದಿ ನಮ್ಮಲ್ಲೇ ಉಳಿಯಬೇಕು,
ಮಾಲೀಕರ ಕಟ್ಟಪ್ಪಣೆ.
ಹಾಗಾಗಿ ಅವರ ಪಾಲಿಗೆ ಬರುವ ಗುಳಿಗೆಗೆ
ಹೆಸರು ಅರ್ಧ, ವಾಯಿದೆ ಇಲ್ಲ.

ಹೊಸನಗರದ ಬಸ್ಸಿನ ಕಂಡಕ್ಟರ್ ಟೀಕಪ್ಪ
ಒಮ್ಮೆ ಕಾರ್ಡು ತೆಗೆದು ತೋರಿಸಿದ.
ಪ್ಲಾಸ್ಟಿಕ್ ಹೊದಿಸಿ ದೇವರ ಪಟದಂತೆ ಇಟ್ಟುಕೊಂಡಿದ್ದ.
'ಇದು ಮಲಗಿದವರಿಗೆ ಮಾರಾಯ' ಅಂದೆ,
'ನಿಂತು ಟಿಕೆಟ್ ಹರಿಯೋರು ಇದರ ಕಣ್ಣಿಗೆ ಬೀಳಲ್ಲ.'
'ಹಂಗಾರೆ ನಾನೇ ಬೀಳ್ತೀನಿ ಬಿಡು' ಎಂದು ನಕ್ಕ.
ಬಿದ್ದ ಕೂಡ, ರಿಪ್ಪನ್‌ಪೇಟೆ ಹತ್ತಿರ, ಫುಟ್‌ಬೋರ್ಡಿನಿಂದ.
ಎಂಟು ದಿನ ಎಲ್ಲ ಪುಕ್ಕಟೆ, ಬ್ರೆಡ್ಡು ಹಾಲು ಸಮೇತ.
ಒಂಬತ್ತನೆಯ ದಿನ ಸಕ್ಕರೆ ಗುಳಿಗೆಗೆ ಮತ್ತೆ ಇಲ್ಲಿ,
ಕೈಗೆ ಪಟ್ಟಿ, ಜಾಹೀರಾತು ಓದುತ್ತ.

ಈ ತಿಂಗಳ ಆರಕ್ಕೆ ಬಂದವರು ತೀರ್ಥಪ್ಪ ಮೇಷ್ಟ್ರು.
ನನ್ನ ಗುರುತು ಹಿಡಿಯಲಿಲ್ಲ, ಒಳ್ಳೆಯದೇ ಆಯಿತು.
ಆಯನೂರಿನ ಅನುದಾನವಿಲ್ಲದ ಶಾಲೆಯಲ್ಲಿ
ಬೆರಳ ಗೆಣ್ಣಿನ ಮೇಲೆ ಲಘು ಗುರು ಎಣಿಸಲು ಕಲಿಸಿದವರು.
ನಾಲ್ಕು, ನಾಲ್ಕು, ನಾಲ್ಕು, ಎಲ್ಲಿ ನುಂಗಿದೆಯೋ ಒಂದು ಮಾತ್ರೆ?
ಪದ್ಯ ಕುಂಟುತ್ತಿದೆ, ನೋಡು!
ಚೀಟಿಯಲ್ಲಿದ್ದದ್ದು ಎದೆಬಡಿತ ಹದಕ್ಕೆ ತರುವ ಗುಳಿಗೆ,
ದಿನಕ್ಕೆರಡು, ತಿಂಗಳಿಗೆ ಅರವತ್ತು.
ಅದೇ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದರು,
ಜೇಬಿನ ನೋಟು, ವಾಪಸು ಬಸ್ ಚಾರ್ಜು,
ಹೆಂಡತಿಯ ಕಣ್ಣಿಗೆ ಹನಿ.
'ಹದಿನೈದು ಕೊಡಿ' ಅಂದರು. ನನಗೆ ಬಹುವಚನ.
'ಮುರಿದು ನುಂಗ್ತೀನಿ. ವ್ಯಂಜನಕ್ಕೆ ಅರ್ಧ ಮಾತ್ರೆ ಸಾಲದೇ.'
ತಮಗೆ ತಾವೇ ಹೇಳಿಕೊಂಡದ್ದು. ಕೌಂಟರಿಗೆ ಇದು
ತಿಳಿಯುತ್ತದೆಂದು ಅವರಿಗೇನು ಗೊತ್ತು.

ಒಂದು ಬಿಟ್ಟರೂ ಕುಂಟುತ್ತದೆ ಸಾರ್,
ಎನ್ನಬೇಕಿತ್ತು. ಹಿಂದೆ ಇಬ್ಬರು ನಿಂತಿದ್ದರು.
ಹತ್ತರದೊಂದು, ಐದರದೊಂದು.
ಕತ್ತರಿಸಿದ್ದರಲ್ಲಿ ತಾರೀಖಿದ್ದ ತುದಿಯನ್ನೇ ಕೊಟ್ಟುಬಿಟ್ಟೆ.
ರಾತ್ರಿ ಶಟರ್ ಎಳೆಯುವಾಗ ಮಾಲೀಕರು ಕೇಳಿದರು.
ಕೈ ತಪ್ಪಿತು ಎಂದೆ.

ಹದಿನೈದು ಮುರಿದರೆ ಮೂವತ್ತು ಚೂರು.
ದಿನಕ್ಕೆರಡು. ಇಪ್ಪತ್ತೊಂದಕ್ಕೆ ಬರಬೇಕಿತ್ತು.
ಇವತ್ತು ಇಪ್ಪತ್ತಾರು.
ಚೂರನ್ನು ಇನ್ನೂ ಮುರಿದುಕೊಂಡರೋ ಏನೋ.
ಕಾಲು ಮಾತ್ರೆ ಅಂತ
ನೀವು ಹೇಳಿಕೊಟ್ಟಿರಲಿಲ್ಲವಲ್ಲ, ಸಾರ್.