ಮೈನರ್ ಖಾತೆ

ಪೆನ್ಷನ್ ಮೊಹಲ್ಲಾದಲ್ಲಿ ನಾನು ಆರ್‌ಡಿ ಅಕ್ಕ.
ತಿಂಗಳ ಹತ್ತರೊಳಗೆ ಇನ್ನೂರು, ಐನೂರು,
ಹೂವಿನಂಗಡಿ, ಟೈಲರು, ಬೇಕರಿಯ ಹಿಂಬಾಗಿಲು.
ಒಂದು ಕಂತು ತಪ್ಪಿದರೆ ದಂಡ ಎಷ್ಟೆಂದು
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಅದು ಡಾಕ್ಟರಮ್ಮನಿಗೆ ಹೇಗೆ ಗೊತ್ತಾಯಿತೋ,
ನಿಸರ್ಗಳ ಚೀಟಿ ಬರೆಯುತ್ತಾ ಅಂದರು:
"ಮೂಳೆನೂ ಆರ್‌ಡಿ ಇದ್ದಂಗೇ ಕಣ್ರೀ.
ಈ ವಯಸ್ಸಲ್ಲಿ ಕಟ್ಟಿದ್ದೇ ಕಟ್ಟಿದ್ದು,
ಮೂವತ್ತರ ಮೇಲೆ ಬರೀ ತೆಗೆಯೋದು."

ಹದಿನಾರರ ಹುಡುಗಿಗೆ ಹದಿನೆಂಟು ದಿನವಾದರೂ ನಿಂತಿರಲಿಲ್ಲ.
ರಕ್ತ ಏಳಕ್ಕಿಳಿದು ತುಟಿ ಸುಣ್ಣದ ಗೋಡೆ.
ಬರೆದದ್ದು ಆ ಮಾತ್ರೆ.
ಸಾಲಗಾಮೆ ರಸ್ತೆಯ ಮೆಡಿಕಲ್ಲಿನವನು
ಚೀಟಿ ನೋಡಿದ, ಅವಳ ಕಾಲ್ಬೆರಳು ನೋಡಿದ,
ಉಂಗುರ ಕಾಣದೆ ನನ್ನ ಮುಖ ನೋಡಿದ.
ನಿನ್ನೆಯ ಪೇಪರಲ್ಲಿ ಎರಡು ಸುತ್ತು ಸುತ್ತಿ ಕೊಟ್ಟ.

ಇಪ್ಪತ್ತೊಂದು ಮಾತ್ರೆ, ಬಾಣದ ಗುರುತು,
ಸೋಮ ಮಂಗಳ ಬುಧ.
ರಾಗಿ ಡಬ್ಬದ ಹಿಂದೆ ಇಟ್ಟೆ.
ಅವಳಪ್ಪ ಕೇಳಿದರೆ ವಿಟಮಿನ್ನು.

ಇದರಿಂದ ಮೂಳೆಗೇನಾದರೂ? ಅಂತ ನಾನೇ ಕೇಳಿದ್ದೆ.
ಪೆನ್ನು ಕೆಳಗಿಟ್ಟರು.
"ಕಟ್ಟೋದು ಚೂರು ನಿಧಾನ ಆಗಬಹುದು ಅಂತಾರೆ.
ಮೂರು ತಿಂಗಳ ಇಂಜೆಕ್ಷನ್ನಿಗೆ ಜಾಸ್ತಿ, ಇದಕ್ಕೆ ಕಮ್ಮಿ.
ಪೂರ್ತಿ ಯಾರಿಗೂ ಗೊತ್ತಿಲ್ಲ.
ರಕ್ತ ಹೋಗ್ತಿರೋದಂತೂ ಗೊತ್ತಲ್ಲ."
ಬಡ್ಡಿ ದರ ಬರೆಯದ ಯೋಜನೆಯನ್ನು
ನಾನು ಯಾರಿಗೂ ಕೊಡಿಸಿದವಳಲ್ಲ.

ರಾತ್ರಿ ಲೆಕ್ಕ ಹಾಕಿದೆ. ನಮ್ಮಮ್ಮನ ಗೂನು,
ಬಚ್ಚಲಲ್ಲಿ ಜಾರಿ ಮುರಿದ ನನ್ನ ಮಣಿಕಟ್ಟು.
ಎರಡನೇ ತಿಂಗಳ ಶೀಟು ತರಲಿಲ್ಲ,
ಸ್ಟಾಕಿಲ್ಲವಂತೆ ಅಂದೆ.
ರಾಗಿ ಗಂಜಿ ಕುಡಿಸಿದೆ, ಎಳ್ಳುಂಡೆ ಕಟ್ಟಿದೆ,
ಎಳೆಬಿಸಿಲಲ್ಲಿ ಒಣಹಾಕಿದ ಸೀರೆಯ ಹಾಗೆ ನಿಲ್ಲಿಸಿದೆ.

ಇಪ್ಪತ್ತನೇ ದಿನ ಕಾಲೇಜಿನಿಂದ ಫೋನು.
ಲ್ಯಾಬಿನ ಸ್ಟೂಲಿನಿಂದ ಎದ್ದವಳು ಅಲ್ಲೇ ಕುಸಿದಳಂತೆ.
ಯಾರೋ ಗೆಳತಿ ತನ್ನ ವೇಲು ಸುತ್ತಿದ್ದಳು ಸೊಂಟಕ್ಕೆ.

ಆಟೋದಲ್ಲಿ ಅಳಲಿಲ್ಲ ಅವಳು.
ಮಹಾವೀರ ಸರ್ಕಲ್ಲು ದಾಟುವಾಗ ಕೇಳಿದಳು,
"ಅಮ್ಮಾ, ನನ್ನ ಪಾಸ್‌ಬುಕ್ಕು ನಿನ್ನ ಹತ್ರ ಯಾಕಿದೆ?"

ಮೈನರ್ ಖಾತೆ, ಪೋಷಕರ ಸಹಿ...
ಫಾರಂ ತುಂಬಿಸುವ ಬಾಯಿ
ಆವತ್ತು ತುಂಬಲಿಲ್ಲ.

ಈಗ ಶೀಟು ಅವಳ ಪೌಚಿನಲ್ಲಿ, ಪೆನ್ನುಗಳ ಜೊತೆ.
ಆರು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ.
ಸಂಜೆ ಹಿತ್ತಲಲ್ಲಿ ಹಗ್ಗ ಜಿಗಿಯುತ್ತಾಳೆ,
ಎಪ್ಪತ್ತೊಂದು, ಎಪ್ಪತ್ತೆರಡು, ಜೋರಾಗಿ.
ಒಳಗೆ ರಸೀದಿಗಳಿಗೆ ಪಿನ್ನು ಹೊಡೆಯುತ್ತಾ ಕೂತಿರುತ್ತೇನೆ.
ಒಂದು ತಪ್ಪಿದರೂ ಕೇಳಿಸುತ್ತದೆ ನನಗೆ.
ದಂಡ ಹಾಕುವುದಿಲ್ಲ.