ಜೂನ್ ಒಂದು

ಕುಂಡ್ರವ್ವ. ಆ ಕಲ್ಲ ಮ್ಯಾಲ ಬ್ಯಾಡ,
ಹನ್ನೊಂದಕ್ಕ ಅದು ಹಂಚಿನಂಗ ಕಾಯತೈತಿ.
ಈ ಕಡೆ ಬಾ, ಬೇವಿನ ನೆಳ್ಳಿಗೆ.
ಫೋನಿನಾಗ ನೀ "ಯಪ್ಪಾ" ಅಂದಿ, ನಮ್ಮಾಕಿ ಅಂತ ಗೊತ್ತಾತು.
ಯರವಡಾದ ಈ ಗೇಟಿನ ಮುಂದ
ಒಂದೂವರಿ ವರ್ಷ ನೆಳ್ಳು ಸರದಂಗ ಸರದು ಕುಂತಾಕಿ ನಾ.

ಏನ ಮಾಡ್ಯಾನ ಅಂತ ಕೇಳಂಗಿಲ್ಲ.
ಸೆರಗಿನ ಗಂಟು ನೋಡಿದೆ, ಬೆಂಡೋಲಿ ಬಿಚ್ಚೀದಿ.
ಯಾರಿಗೆ ಕೊಡಾಕ? ಚಾ ಅಂಗಡಿ ಮುಂದ
"ಸಾಹೇಬ್ರು ನಮ್ಮವ್ರ" ಅಂತ ನಿಂತಾನಲ್ಲ, ಆ ಬಿಳಿ ಅಂಗಿಯವಗೇನು?
ಕಿವಿಗೆ ಹಾಕ್ಕೊ ಮೊದಲ.
ಬಡವರಿಗೆ ಪುಕ್ಕಟ ವಕೀಲರನ್ನ ಕೊಡತಾರ,
ಬಾಯಿ ಬಿಟ್ಟು ಕೇಳಬೇಕಷ್ಟ.
ನನಗ ಬಾಯಿ ಬಿಡಾಕ ಮೂರು ವಾರ ಹಿಡೀತು.

ನಮ್ಮ ಮಾಳೂನ್ನ ಹೋಳಿ ಮರುದಿನ ಒಯ್ದರು.
ಯಾರದೋ ಗಾಡಿ, ಯಾರದೋ ತಲಿ ಒಡದಿತ್ತು,
ನಾಕು ಹುಡುಗರು, ಅದರಾಗ ಇವನೂ.
ರೊಟ್ಟಿ ಬಡಿಯೂದು ಬಿಟ್ಟು ಹಿಟ್ಟಿನ ಕೈಲೇ ಚೌಕಿಗೆ ಓಡಿದೆ.
ಬಾಕಿನ ಮ್ಯಾಲ ಕುಂತಿದ್ದ, ಕಾಲ ಅಲ್ಲಾಡಸಕೋಂತ.
ನನ್ನ ನೋಡಿ ನಕ್ಕ.
ಆ ನಗೀಗೆ ನನಗ ಬೆಂಕಿ ಹತ್ತಿತು.
"ಬಡೀರಿ ಸಾಹೇಬ್ರ, ಬಡೀರಿ ಇವಗ, ಬುದ್ಧಿ ಬರಲಿ" ಅಂದೆ.
ಅಂಜಿದ ಹುಡುಗರೂ ನಗತಾರ ಅಂತ
ನನಗಾಗ ಗೊತ್ತಿರಲಿಲ್ಲವ್ವ.

ಅವರು ಬಡದರೋ ಬಿಟ್ಟರೋ, ಇವತ್ತಿಗೂ ಅವ ಹೇಳಿಲ್ಲ.
ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಸುರು ಆತಂದರ
ಎದ್ದು ಹೊರಗ ಹೋಗತಾನ.

ಅದಕ್ಕ, ಸಿಟ್ಟನ್ನ ಚಪ್ಪಲಿ ಬಿಟ್ಟಂಗ ಹೊರಗ ಬಿಡು.
ಉಂಡೀಯೇನಪ್ಪಾ ಅನ್ನು. ಎಲ್ಲೆರ ನೋಯತೈತೇನು ಅನ್ನು.
ಮಾಡೀಯೋ ಇಲ್ಲೋ ಅಂತ ಅಲ್ಲಿ ಕೇಳಬ್ಯಾಡ.
ಗ್ವಾಡಿಗೆ ಕಿವಿ ಇರತಾವ ಅಂತಾರ,
ಇಲ್ಲಿ ಗ್ವಾಡಿಗೆ ಪೆನ್ನೂ ಇರತಾವು.
ಮರಾಠಿ ಕಾಗದ ತಂದು "ಆಯಿ, ಇಲ್ಲಿ ಹೆಬ್ಬಟ್ಟು" ಅಂದರ
ಓದಿ ತಿಳಿಸಿ ಹೇಳ್ರಿ ಅನ್ನು.
ನಾಚಿಕಿ ಯಾತರದು? ಇಂಡಿ ಸಂತ್ಯಾಗ
ಎರಡು ರೂಪಾಯಿ ಬದನಿಕಾಯಿಗೆ ಊರು ಕೂಡಿಸೂ ಮಂದಿ ನಾವು.

ವಯಸ್ಸಿನ ಕಾಗದ ಐತೇನು, ಸಾಲಿದು?
ಇವತ್ತ ರಾತ್ರಿ ಗಾಡಿಗೇ ಯಾರನ್ನರೆ ಕಳಸು.
ನಮ್ಮವನ ಮೀಸಿ ನೋಡಿ ಹತ್ತೊಂಬತ್ತು ಅಂತ ಬರಕೊಂಡಿದ್ದರು.
ಸಾಲಿ ಕಾಗದ ಬಂತು: ಜೂನ್ ಒಂದು.
ಹದಿನೆಂಟಕ್ಕ ಮೂರು ತಿಂಗಳ ಕಡಿಮಿ.
ದೊಡ್ಡ ಜೈಲಿನ ಹಾದಿ ಬಿಟ್ಟು ಈ ಗೇಟಿಗೆ ತಂದರು.

ನಮ್ಮೂರ ಹುಡುಗರೆಲ್ಲಾ ಜೂನ್ ಒಂದಕ್ಕ ಹುಟ್ಟತಾರ.
ಹೆಸರು ಹಚ್ಚೂ ದಿನ ಮಾಸ್ತರು ಕೇಳತಾರ,
ಯಾವ ತಾಯಿಗೆ ತಾರೀಖು ನೆನಪಿರತೈತಿ?

ನನಗೈತಿ.
ಸಮೀಪ ಬಾ.
ಬನದ ಹುಣ್ಣಿವಿ ಹಿಂದಿನ ರಾತ್ರಿ,
ಹೊಲದಾಗ ಜ್ವಾಳ ಸೀತನಿಗೆ ಬಂದಿತ್ತು,
ಸೂಲಗಿತ್ತಿ ಕೈ ಮಂಜಿನಂಗ ತಣ್ಣಗಿತ್ತು.
ಎಣಸಿ ನೋಡು. ಎಣಸಿ ಎಣಸಿ
ನನ್ನ ಬಟ್ಟಿನ ಗೆರಿ ಸವದಾವು.
ವಕೀಲಬಾಯಿಗೂ ಹೇಳಿಲ್ಲ.
ದೇವರಿಗೆ ಗೊತ್ತೈತಿ, ಅವಾ ಸುಮ್ಮನಿದ್ದಾನ.

ತಲಿ ಒಡಸಕೊಂಡ ಹುಡುಗನ ತಾಯಿ ಒಬ್ಬಾಕಿ ಅದಾಳ,
ಕಸಬಾ ಪೇಟ್ಯಾಗ ಹೂ ಮಾರತಾಳ.
ಕೇಸು ಮುಗಿಯೂತನಕ ಅಲ್ಲಿ ಹೋಗಬ್ಯಾಡ ಅಂದಾರ. ಹೋಗಿಲ್ಲ.
ಒಮ್ಮೆ ದೂರಿಂದ ನೋಡಿದೆ, ಮಾಲಿ ಕಟ್ಟತಿದ್ದಳು,
ಮೊಳ ಹಾಕೂ ಕೈ ಅರ್ಧಕ್ಕ ನಿಂತಿತ್ತು.
ಆಕಿ ಮಗ ಯಾವಾಗ ಹುಟ್ಟಿದ್ದಾನೋ ಏನೋ.

ಏಳು, ಹುಡುಗನ ಹೆಸರ ಕೂಗಿದರು.
ಕಣ್ಣ ಒರಸಕೊ, ಮುಂದ ನಿಂದರು, ಅವಗ ಕಾಣೂಹಂಗ.
ಚಪ್ಪಲಿ ಇಲ್ಲೇ ಇರಲಿ,
ನಾ ನೋಡಕೋತೇನಿ.