ಮೂರು ಸೆಂಟಿಮೀಟರ್

ಮಾಲ್ ಬರುವ ಮೊದಲು ಅದರ ಮಾದರಿ ಬಂತು
ಶಿನಾಸ್ ಪಟ್ಟಣದ ನಮ್ಮ ಬಲದಿಯಾ ಕಚೇರಿಗೆ, ಬುಧವಾರ,
ಆರು ಮಂದಿ ಹೊತ್ತು, ಮೇಲೆ ಮಖಮಲ್ಲು ಹೊದಿಸಿ.
ಸಭಾಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟಿತು.

ಚೌಕಟ್ಟು ನೂರಿಪ್ಪತ್ತು.
ತೆರೆದ ಕದದ ದಪ್ಪ ಕಳೆದರೆ ನೂರ ಹದಿನೈದು.
ಮಾಲ್ ನೂರ ಹದಿನೆಂಟು.
ಮೂರು ಸೆಂಟಿಮೀಟರ್ ನಮ್ಮ ಕಡೆಯಿಂದ ಕಡಿಮೆ ಬಿತ್ತು.

ಓರೆ ಮಾಡಿ ನೋಡಿ, ಅಂದರು ಯಾರೋ.
ಓರೆ ಆಗುವುದಿಲ್ಲ ಇದು, ಅಂದ ಕಂಪನಿಯವನು
ನಗುತ್ತಲೇ, ವಾಚು ನೋಡುತ್ತ.
ನಿರ್ದೇಶಕರು ನನ್ನ ಕಡೆ ತಿರುಗಿದರು.
ಹತ್ತೊಂಬತ್ತು ವರ್ಷ ಈ ಊರಿನ ಗೆರೆ ಎಳೆದವನು ನಾನು,
ಶಿರೂರಿನವನು, ಕೈಯಲ್ಲಿ ಪೆನ್ನು ಬಿಟ್ಟರೆ ಬೇರೆ ಹಿಡಿದವನಲ್ಲ.
ಅವತ್ತು ಸ್ಕ್ರೂಡ್ರೈವರ್ ಹಿಡಿದೆ.

ಹನ್ನೆರಡು ಸ್ಕ್ರೂ. ಹನ್ನೊಂದು ಬಂದವು.
ಒಂದು ಜಪ್ಪಯ್ಯ ಎನ್ನಲಿಲ್ಲ.
ಇಡೀ ಬಲದಿಯಾದಲ್ಲಿ ಅಲ್ಲಿಯವರೆಗೆ
ಹಠ ಹಿಡಿದದ್ದು ಅದೊಂದೇ.
ಸುತ್ತಿಗೆಯಿಂದ ತಲೆ ಹಾರಿಸಿದೆ,
ಮೈ ಚೌಕಟ್ಟಿನಲ್ಲೇ ಉಳಿಯಿತು.

ಮಖಮಲ್ಲು ಸರಿಸಿದರು.
ಗಾಜಿನ ಗುಮ್ಮಟ, ಒಳಗೆ ದೀಪ,
ಅಕ್ಕಿಕಾಳಿನಷ್ಟು ಮನುಷ್ಯರು,
ಯಾರ ಕೈಯಲ್ಲೂ ಮೀನಿನ ಚೀಲವಿಲ್ಲ.
ಅಂಚಿನಲ್ಲಿ ನಮ್ಮ ಹಳೇ ಸೂಕು:
ಬಿಳೀ ಥರ್ಮೊಕೋಲಿನ ತುಂಡುಗಳು, ಬಾಗಿಲಿಲ್ಲ, ಕಿಟಕಿಯಿಲ್ಲ.
ನಾನು ಎಣಿಸಿದೆ. ಮೂರನೆಯದು ಜೇನು ಮಾರುವ ಬಾವಜೀರ್,
ಏಳನೆಯದು ಬಲೂಚಿ ದರ್ಜಿ ದಾದ್‌ಕರೀಂ,
ಒಂಬತ್ತನೆಯದರ ಮೇಲೆ ಕಂಪನಿಯವನ ಕಾಫಿ ಲೋಟ.

ರಾಯಾ ಬಿಂತ್ ಜುಮಾ, ಯೋಜನಾ ವಿಭಾಗದ ಹೊಸ ಹುಡುಗಿ, ಕೇಳಿದಳು:
ಬಸ್ಸು ಎಲ್ಲಿ ನಿಲ್ಲುತ್ತದೆ?
ಎರಡನೇ ಹಂತದಲ್ಲಿ.
ಈ ಊರಿಗೆ ಇಷ್ಟು ಅಂಗಡಿ ಬೇಕೆಂದು ಲೆಕ್ಕ ಹಾಕಿದವರು ಯಾರು?
ನಾವೇ. ಖರ್ಚೂ ನಮ್ಮದೇ.
ಕಾರು ನಿಲ್ಲಿಸಲು ಇಷ್ಟು ಜಾಗ ಯಾಕೆ?
ಅದು ನಿಮ್ಮ ನಿಯಮ, ಮೇಡಂ. ಕಲಂ ಹದಿನಾಲ್ಕು.

ಕಲಂ ಹದಿನಾಲ್ಕು ನನಗೆ ಗೊತ್ತು.
ಹೋದ ಬೇಸಿಗೆ ಪೆನ್‌ಡ್ರೈವಿನಲ್ಲಿ ಬಂದಿತ್ತು, ಸಿದ್ಧ ಅಡಿಗೆಯ ಹಾಗೆ,
ಪ್ರತಿ ಪುಟದ ಕೆಳಗೂ ಕಂಪನಿಯ ಪುಟ್ಟ ಗುರುತು.
ಕೂತು ಒಂದೊಂದೇ ಅಳಿಸಿ
ನಮ್ಮ ಖಂಜರಿನ ಮುದ್ರೆ ಇಟ್ಟವನು ನಾನೇ.
ರಾಯಾ ಆಗ ಇನ್ನೂ ಓದುತ್ತಿದ್ದಳು.
ನಾನು ಮಾದರಿಯ ಮರಗಳನ್ನು ನೋಡಿದೆ. ಚೆನ್ನಾಗಿದ್ದವು.

ನಿರ್ದೇಶಕರು ಕೆಟ್ಟವರಲ್ಲ, ಇದನ್ನು ಬರೆದಿಡಬೇಕು.
ಚಂಡಮಾರುತದ ವರ್ಷ ಕೆಳಕೇರಿಯಲ್ಲಿ
ಮೊಣಕಾಲ ನೀರಲ್ಲಿ ನಿಂತು ಮುದುಕಿಯರನ್ನು ಎತ್ತಿ ಕೊಟ್ಟವರು.
ಆಮೇಲೆ ಚರಂಡಿಗೆಂದು ನಾಲ್ಕು ಸಲ ಬರೆದರು,
ನಾಲ್ಕು ಸಲವೂ ರಾಜಧಾನಿ "ಪರಿಶೀಲಿಸಲಾಗುವುದು" ಎಂದಿತು.
ಕಂಪನಿ ಪರಿಶೀಲಿಸಲಿಲ್ಲ. ಎರಡು ಕಿಲೋಮೀಟರ್ ಪೈಪು ಹಾಕುತ್ತೇವೆ ಎಂದಿತು,
ಜೊತೆಗೆ ಎರಡು ಮಹಡಿ ಹೆಚ್ಚು.
ಪೈಪು ಅಂದಾಗ ಅವರ ದನಿ ಎಳೆಮಗುವಿನದಾಯಿತು.
ರಾಯಾ ಪೆನ್ನಿನ ಮುಚ್ಚಳ ಹಾಕಿದಳು.
ಟಕ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು.

ಈಗ ಏಳು ತಿಂಗಳು. ಕದ ಹೊರಗೆ ಗೋಡೆಗೊರಗಿ ನಿಂತಿದೆ.
ತಿರುಗಿ ಕೂರಿಸಲೇ ಎಂದು ಕೇಳಿದರೆ
ಮಾದರಿ ವಾಪಸು ಹೋಗಬೇಕಲ್ಲ, ಇರಲಿ, ಅನ್ನುತ್ತಾರೆ.
ಮುಚ್ಚಲು ಬಾಗಿಲಿಲ್ಲದ ಕೋಣೆಯಲ್ಲಿ
ನಮ್ಮವರು ಪಿಸುಮಾತಿನಲ್ಲಿ ಸಭೆ ನಡೆಸುತ್ತಾರೆ.

ಮೊನ್ನೆ ಫೈಲು ಒಯ್ಯುವಾಗ ಆ ಉಳಿದ ಸ್ಕ್ರೂ
ನನ್ನ ತೋಳಿಗೆ ಸಿಕ್ಕಿ ಗೇಣುದ್ದ ಹರಿಯಿತು.
ದಾದ್‌ಕರೀಂ ಹೊಲಿದುಕೊಟ್ಟ, ದುಡ್ಡು ಮುಟ್ಟಲಿಲ್ಲ.
ದಾರ ಹಲ್ಲಲ್ಲಿ ಕಡಿಯುತ್ತ ಕೇಳಿದ:
ಆ ಮಾದರಿಯಲ್ಲಿ ನನ್ನ ಅಂಗಡಿ ಉಂಟಾ?
ಉಂಟು.
ಯಾವ ಬಣ್ಣ?
ಬಿಳಿ, ಅಂದೆ.
ಅವನ ಮುಖ ಅರಳಿತು.
ಗೋಡೆಯ ಸವುಳು ಹಿಡಿದ ಮೂಲೆಯನ್ನು ಒಮ್ಮೆ ನೋಡಿ,
ಹಾಗಾದರೆ ಸುಣ್ಣ ಅವರೇ ಹೊಡೆಸುತ್ತಾರೆ, ಅಂದ.